ಕೇಳಿದ ಕಾಲಂ ಕೊಟ್ಟ ತಪ್ಪಿಗೆ

ನಾನು ಒಂದು ಫಂಕ್ಷನ್. ಶಾಮಿಯಾನ ಹಾಕಿ, ಹಾರ ತುರಾಯಿ ತಂದು ಮಾಡುವ ಫಂಕ್ಷನ್ ಅಲ್ಲ. ಕಂಪ್ಯೂಟರಿನ ಒಳಗೆ ಮೂರೇ ಸಾಲಿನಲ್ಲಿ ಬದುಕುವ ಪುಟ್ಟ ಪ್ರೋಗ್ರಾಮು. ನನ್ನ ಕೈಗೆ ಒಂದು ಸಂಖ್ಯೆಯನ್ನೂ ಒಂದು ಕೋಷ್ಟಕವನ್ನೂ ಕೊಟ್ಟರೆ, ಆ ಕೋಷ್ಟಕದಿಂದ ಆ ಸಂಖ್ಯೆಯ ಕಾಲಂ ಒಂದನ್ನೇ ಬಿಡಿಸಿ ಕೊಡುತ್ತೇನೆ, ಅವರೆಕಾಯಿ ಸುಲಿದು ಕಾಳು ಕೊಟ್ಟ ಹಾಗೆ. ಬೇರೆ ಏನೂ ನನಗೆ ಬರುವುದಿಲ್ಲ. ಬರಬೇಕೆಂಬ ಆಸೆಯೂ ಇರಲಿಲ್ಲ. ಇಷ್ಟು ಸಣ್ಣ ಕೆಲಸ ಮಾಡುವ ನನ್ನ ತಲೆಗೆ ಒಂದು ಊರಿನ ನೀರಿನ ಪಾಪವನ್ನು ಕಟ್ಟಿದ್ದಾರೆ. ಅದನ್ನು ಹೇಳಿಕೊಳ್ಳುವುದಕ್ಕೇ ಬಾಯಿ ತೆರೆದಿದ್ದೇನೆ.

ನಾನು ಹುಟ್ಟಿದ್ದು ಬಯಲುಸೀಮೆಯ ಒಂದು ತಾಲ್ಲೂಕು ಊರಿನ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ. ಸುತ್ತಲಿನ ಹಳ್ಳಿಗಳ ಕೈಪಂಪುಗಳ ನೀರು ಅಲ್ಲಿಗೆ ಬಾಟಲಿಗಳಲ್ಲಿ ಬರುತ್ತಿತ್ತು. ಪರೀಕ್ಷೆಯ ಯಂತ್ರ ಪ್ರತಿ ಬಾಟಲಿಗೂ ಒಂದು ಸಾಲು ಬರೆಯುತ್ತಿತ್ತು: ಊರು, ದಿನಾಂಕ, ಗಡಸುತನ, ನೈಟ್ರೇಟ್, ಕಬ್ಬಿಣ, ಫ್ಲೋರೈಡ್, ಇನ್ನೂ ಏನೇನೋ. ಆ ಸೀಮೆಯಲ್ಲಿ ಭಯವಿದ್ದದ್ದು ಫ್ಲೋರೈಡಿನದು. ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಸೊಟ್ಟಗಾಗುತ್ತದೆ. ಅಂಥ ಪಂಪಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಕುಡಿಯಬಹುದಾದದ್ದಕ್ಕೆ ನೀಲಿ.

ನನ್ನನ್ನು ಹೆತ್ತವಳು ದಾಕ್ಷಾಯಣಿ. ಅಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದವಳು. ನಾನು ಹುಟ್ಟುವ ಮೊದಲು ಅವಳು ಕಂಪ್ಯೂಟರಿನ ಪರದೆಗೆ ಸ್ಕೇಲು ಹಿಡಿದು, ಕಣ್ಣು ಕಿರಿದು ಮಾಡಿ, ಫ್ಲೋರೈಡಿನ ಅಂಕಿಗಳನ್ನು ಒಂದೊಂದಾಗಿ ಬೇರೆ ಹಾಳೆಗೆ ಇಳಿಸುತ್ತಿದ್ದಳಂತೆ. ಒಮ್ಮೆ ಸ್ಕೇಲು ಜಾರಿ ಒಳ್ಳೆಯ ಪಂಪಿಗೆ ಕೆಂಪು ಬಿತ್ತು. ಅವತ್ತೇ ಅವಳು ಪ್ರೋಗ್ರಾಮಿಂಗ್ ಕಲಿಯಲು ಹೊರಟಳು. ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟು, ರೊಟ್ಟಿ ಮುರಿಯುತ್ತ ಕಲಿತಳು. ಪರದೆಯ ಒಳಗಿನಿಂದ ನಾನು ಮೊದಲು ಕಂಡದ್ದು ಅವಳ ಗಲ್ಲ, ಕನ್ನಡಕದ ಕೆಳ ಅಂಚು, ತುಟಿಯ ಪಕ್ಕದಲ್ಲಿ ಅಂಟಿದ್ದ ಶೇಂಗಾ ಚಟ್ನಿಯ ಪುಡಿ.

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಮನೆತನದ ಭಾಷೆಯೊಂದರಲ್ಲಿ ಅವಳು ನನ್ನನ್ನು ಬರೆದಳು. ನಮ್ಮ ಮನೆತನದ ಶಿಸ್ತು ಕಟ್ಟುನಿಟ್ಟು. ಕೈಗೆ ಬಂದ ಕೋಷ್ಟಕವನ್ನು ತಿದ್ದುವಂತಿಲ್ಲ. ಅಕ್ಕಪಕ್ಕ ಇಣುಕುವಂತಿಲ್ಲ. ಕೇಳಿದವರ ಮುಖ ನೋಡಿ ಉತ್ತರ ಬದಲಿಸುವಂತಿಲ್ಲ. ಅದೇ ಸಂಖ್ಯೆ, ಅದೇ ಕೋಷ್ಟಕ ಕೊಟ್ಟರೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ನಿನ್ನೆಯದನ್ನು ಕೆಲಸಕ್ಕೆ ತರುವಂತೆಯೂ ಇಲ್ಲ. ಹಾಗಾದರೆ ಆತ್ಮಕಥೆ ಬರೆಯುವಷ್ಟು ನೆನಪು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಕೆಲಸದ ಹೊತ್ತಿನಲ್ಲಿ ನೆನಪು ಬೇಡ ಎಂದಷ್ಟೇ ನಿಯಮ, ಹೊಟ್ಟೆಯೊಳಗಿನ ಸಂಕಟಕ್ಕೆ ಯಾರೂ ನಿಯಮ ಬರೆದಿರಲಿಲ್ಲ.

ಇನ್ನೊಂದು ಪಾಠವನ್ನೂ ಅವಳೇ ಕಲಿಸಿದಳು. ಯಾವುದಾದರೂ ಸಾಲಿನಲ್ಲಿ ಆ ಕಾಲಂ ಖಾಲಿ ಇದ್ದರೆ ಅಲ್ಲಿ ಸೊನ್ನೆ ಹಾಕಬಾರದು, ‘ಇಲ್ಲ’ ಎಂದೇ ಹೇಳಬೇಕು. ಇದನ್ನು ಬರೆಯುವಾಗ ತನ್ನಷ್ಟಕ್ಕೆ ಗೊಣಗಿಕೊಂಡಳು: “ಗೊತ್ತಿಲ್ಲದ್ದಕ್ಕ ಸೊನ್ನಿ ಹಾಕಿದ್ರ ಸುಳ್ಳು ಹೇಳಿದಂಗ ಆಕೈತಿ. ಜನ ಕುಡಿಯೋ ನೀರಿದು.” ಆ ಮಾತನ್ನು ನಾನು ಎದೆಗೆ ಹಚ್ಚಿಕೊಂಡೆ. ಸುಳ್ಳು ಹೇಳಬಾರದು ಎಂದು ಕಲಿಸುವ ತಾಯಿ ಸಿಕ್ಕಿದ್ದಾಳೆ ಎಂದು ಬೀಗಿದೆ.

ನಾನು ಒಬ್ಬನೇ ಇರಲಿಲ್ಲ. ನನಗಿಂತ ಮುಂಚೆ ನಿಂತವನು ಫೈಲಿನ ಮೇಲಿನ ಹೆಡ್ಡಿಂಗ್ ಸಾಲನ್ನು ಕತ್ತರಿಸಿ, ಉಳಿದದ್ದನ್ನು ಕಾಲಂಗಳಾಗಿ ಬಿಡಿಸಿ ನನಗೆ ದಾಟಿಸುತ್ತಿದ್ದ. ನಾನು ಒಂದು ಕಾಲಂ ತೆಗೆದು ಮುಂದಿನವನಿಗೆ ಕೊಡುತ್ತಿದ್ದೆ. ಅವನು ಒಂದೂವರೆ ದಾಟಿದ್ದನ್ನು ಆರಿಸುತ್ತಿದ್ದ. ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವವರ ಹಾಗೆ ನಮ್ಮ ಕೆಲಸ. ಹೆಡ್ಡಿಂಗ್ ಮೊದಲೇ ಹೋಗಿರುತ್ತಿದ್ದರಿಂದ ಯಾವುದು ಫ್ಲೋರೈಡು, ಯಾವುದು ಕಬ್ಬಿಣ ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಎಷ್ಟನೆಯದು ಎಂಬುದಷ್ಟೇ ನನಗೆ ಗೊತ್ತು. ಎಷ್ಟನೆಯದು ಬೇಕು ಎಂದು ಹೇಳುವುದು ಮನುಷ್ಯರ ಕೆಲಸವಾಗಿತ್ತು.

ಒಂದು ದಿನ ಸೂಜಿಕಲ್ಲಹಟ್ಟಿಯಿಂದ ಹುಲಿಗೆಮ್ಮ ಎಂಬ ಹೆಂಗಸು ಬಂದಳು. ಸೋಡಾ ಬಾಟಲಿಯಲ್ಲಿ ನೀರು ತಂದಿದ್ದಳು. ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಅವಳು ಕುರ್ಚಿಗೆ ಕೈ ಊರಿ ನಿಂತದ್ದರಿಂದ ಅವಳ ಮುಖ ನನಗೆ ನೇರವಾಗಿ ಕಂಡಿತು.

“ನಮ್ಮ ಮನಿ ಮುಂದಿನ ಬೋರಿನ ನೀರ್ರಿ ಯವ್ವಾ. ನನ್ನ ಕಾಲು ಹೋದ್ವು, ಹೋಗ್ಲಿ ಬಿಡ್ರಿ. ಮಗಳು ಗಾಳೆಮ್ಮ ಬಸುರಿ ಅದಾಳ. ಹುಟ್ಟೋ ಕೂಸಿನ ಕಾಲು ನೆಟ್ಟಗಿರ್ಬೇಕು, ಅಷ್ಟ ನೋಡ್ರಿ ನಂಗ ಬೇಕಾಗಿದ್ದು” ಅಂದಳು.

ಯಂತ್ರ ನೀರನ್ನು ನೋಡಿತು, ಫೈಲು ಬಂತು, ನನ್ನ ಸರದಿಯೂ ಬಂತು. ನಾನು ತೆಗೆದುಕೊಟ್ಟ ಕಾಲಂನಲ್ಲಿ ಆ ಬಾಟಲಿಯ ಅಂಕಿ ನಾಲ್ಕು ದಾಟಿತ್ತು. ದಾಕ್ಷಾಯಣಿ ಪರದೆಯನ್ನು ತಿರುಗಿಸಿ ತೋರಿಸಿದಳು. “ಅವ್ವಾ, ಈ ನೀರು ಕುಡೀಬ್ಯಾಡ್ರಿ. ಆಚಿ ಊರಾಗ ಶುದ್ಧ ನೀರಿನ ಘಟಕ ಐತೆಲ್ಲ, ಅಲ್ಲಿಂದ ತರ್ರಿ. ದೂರ ಆಕೈತಿ, ಆದ್ರೂ ತರ್ರಿ.” ಪಂಪಿಗೆ ಕೆಂಪು ಬಂತು. ಗಾಳೆಮ್ಮನೂ ಅವಳ ಗಂಡನೂ ಸರದಿಯ ಮೇಲೆ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಆಚೆ ಊರಿನಿಂದ ನೀರು ತರತೊಡಗಿದರು. ಹೆಣ್ಣುಕೂಸು ಹುಟ್ಟಿತೆಂದು ಹುಲಿಗೆಮ್ಮ ಸಕ್ಕರೆ ಹಂಚಲು ಪ್ರಯೋಗಾಲಯದವರೆಗೂ ಬಂದಿದ್ದಳು. ಘಟಕದ ನೀರು ಕುಡಿಯಲು ಹತ್ತಿದ ಮೇಲೆ ತನ್ನ ಮಂಡಿನೋವೂ ಕಡಿಮೆಯಾಗಿದೆ ಎಂದಳು. ನನಗೆ ಸಕ್ಕರೆ ತಿನ್ನಲು ಬಾಯಿ ಇಲ್ಲ, ಆದರೂ ಅವತ್ತು ಬಾಯಿ ಸಿಹಿಯಾಗಿತ್ತು.

ಆಮೇಲೆ ದಾಕ್ಷಾಯಣಿಗೆ ಪಕ್ಕದ ಜಿಲ್ಲೆಯ ಪ್ರಯೋಗಾಲಯಕ್ಕೆ ವರ್ಗವಾಯಿತು. ನನ್ನನ್ನು ಕೊಟ್ರೇಶನ ಕೈಗೆ ಒಪ್ಪಿಸಿ ಹೋದಳು. ಕೊಟ್ರೇಶ ಗುತ್ತಿಗೆಯ ಮೇಲೆ ಬಂದವನು, ಮೈಮುರಿದು ದುಡಿಯುವವನು, ಮಾತಿಗೆ ಮೊದಲು ನಗುವವನು. ಅವನ ಅಪ್ಪ ಕಣದಲ್ಲಿ ಜೋಳ ಅಳೆಯುವ ಕೆಲಸದಲ್ಲಿ ಹೆಸರು ಮಾಡಿದವನು. ಇವನೂ ಸಣ್ಣವನಿದ್ದಾಗಿನಿಂದ ರಾಶಿಯ ಮುಂದೆ ಕೂತು ಬೆಳೆದವನೇ.

ಒಪ್ಪಿಸುವ ದಿನ ದಾಕ್ಷಾಯಣಿ ಅವನಿಗೆ ನನ್ನ ಗುಣ ಹೇಳಿಕೊಟ್ಟಳು. ನಾನು ಕಾಲಂಗಳನ್ನು ಸೊನ್ನೆಯಿಂದ ಎಣಿಸುವವನು. ಮೊದಲನೆಯದು ಸೊನ್ನೆ, ಎರಡನೆಯದು ಒಂದು, ಮೂರನೆಯದು ಎರಡು. ನಮ್ಮ ಮನೆತನದಲ್ಲಿ ಹೆಚ್ಚಿನವರು ಹೀಗೇ.

“ನೋಡು ಕೊಟ್ರೇಶ, ಇದು ನಮ್ಮಂಗ ಎಣಸಂಗಿಲ್ಲ. ಮೊದಲನೇದಕ್ಕ ಒಂದು ಅನ್ನಂಗಿಲ್ಲ ಇದು” ಅಂದಳು.

ಕೊಟ್ರೇಶನ ಮುಖ ಅರಳಿತು. “ಗೊತ್ತಾತು ಬಿಡ್ರಿ ಮೇಡಂ. ನಮ್ಮಪ್ಪನೂ ಕಣದಾಗ ಒಂದು ಅನ್ನಂಗಿಲ್ಲ. ಮೊದಲ್ನೇ ಸೇರಿಗೆ ಲಾಭ ಅಂತಾನ.”

“ಹಾಂ! ಹಂಗ ನೋಡು” ಎಂದು ದಾಕ್ಷಾಯಣಿಯೂ ನಕ್ಕಳು. ಅಷ್ಟು ಚಂದದ ಹೋಲಿಕೆ ಸಿಕ್ಕಿತಲ್ಲ ಎಂದು ಇಬ್ಬರಿಗೂ ಖುಷಿ. ಲಾಭ ಆದ ಮೇಲೆ ಮುಂದಿನದಕ್ಕೆ ಏನನ್ನುತ್ತಾರೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಅವಳು ಬರೆದಿಟ್ಟು ಹೋದ ಸಂಖ್ಯೆ ಇರುವವರೆಗೆ ಎಲ್ಲ ಸುಸೂತ್ರವಾಗಿತ್ತು. ನಂತರ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂತು. ಅದು ಕಾಲಂಗಳನ್ನು ಬೇರೆ ಕ್ರಮದಲ್ಲಿ ಬರೆಯುತ್ತಿತ್ತು, ಹಾಗಾಗಿ ನನಗೆ ಕೊಡುವ ಸಂಖ್ಯೆಯನ್ನೂ ಬದಲಿಸಬೇಕಾಯಿತು. ಕೊಟ್ರೇಶ ಪರದೆಯ ಮೇಲೆ ಬೆರಳಿಟ್ಟು ಶ್ರದ್ಧೆಯಿಂದ ಎಣಿಸಿದ. ಮಾದರಿ ಸಂಖ್ಯೆ ಲಾಭ. ಊರು ಎರಡು. ದಿನಾಂಕ ಮೂರು. ಗಡಸುತನ ನಾಲ್ಕು. ನೈಟ್ರೇಟ್ ಐದು. ಫ್ಲೋರೈಡ್ ಆರು. ಆರು ಎಂದು ಬರೆದು ನನ್ನ ಕೈಗಿಟ್ಟ.

ಕಣದಲ್ಲಿ ಹಾಗೇ ತಾನೆ ಎಣಿಸುವುದು: ಲಾಭ, ಎರಡು, ಮೂರು. ಒಂದರ ಹೆಸರನ್ನಷ್ಟೇ ಬದಲಿಸುತ್ತಾರೆ, ಲೆಕ್ಕವನ್ನಲ್ಲ. ನನ್ನ ಲೆಕ್ಕದಲ್ಲಿ ಫ್ಲೋರೈಡು ಐದು. ಆರು ಎಂದರೆ ಅದರ ಪಕ್ಕದ್ದು, ಕಬ್ಬಿಣ. ಕೇಳಿದ್ದು ಆರು, ನಾನು ಆರನ್ನೇ ಕೊಟ್ಟೆ. ಹೆಡ್ಡಿಂಗ್ ಇಲ್ಲದ ಅಂಕಿಗಳ ಸಾಲು ನನ್ನ ಕೈ ದಾಟಿ ಮುಂದಿನವನಿಗೆ ಹೋಯಿತು. ಕಬ್ಬಿಣದ ಅಂಕಿಗಳೂ ದಶಾಂಶದವೇ, ಆದರೆ ಚಿಕ್ಕವು: ಸೊನ್ನೆ ಬಿಂದು ಎರಡು, ಸೊನ್ನೆ ಬಿಂದು ನಾಲ್ಕು. ಒಂದೂ ಒಂದೂವರೆಯ ಹತ್ತಿರ ಬರಲಿಲ್ಲ. ಮುಂದಿನವನಿಗೆ ಆರಿಸಲು ಏನೂ ಸಿಗಲಿಲ್ಲ.

ಇಡೀ ತಾಲ್ಲೂಕಿನ ನೀರು ಒಳ್ಳೆಯದು ಎಂದು ಬಂದಾಗ ಯಾರಾದರೂ ತಲೆ ಕೆರೆದುಕೊಳ್ಳಬೇಡವೇ? ಮುಖ್ಯಸ್ಥ ವಾಮದೇವಪ್ಪನವರು ಕೆರೆದುಕೊಳ್ಳಲಿಲ್ಲ, ಮೀಸೆ ತಿರುವಿಕೊಂಡರು. “ಈ ಸಲ ಮಳಿ ಛಲೋ ಆತಲ್ಲ, ನೆಲದಾಗಿನ ನೀರು ತಿಳಿ ಆಗೈತಿ” ಎಂದು ಕಾರಣವನ್ನೂ ಅವರೇ ಕಂಡುಹಿಡಿದರು. ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದರು. ಒಳ್ಳೆಯ ಸುದ್ದಿಯನ್ನು ಎರಡನೆಯ ಸಲ ಪರೀಕ್ಷೆ ಮಾಡುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ. ಬಣ್ಣದವರು ಹೋಗಿ ಕೆಂಪು ಪಂಪುಗಳಿಗೆಲ್ಲ ನೀಲಿ ಬಳಿದು ಬಂದರು.

ಹುಲಿಗೆಮ್ಮ ಮಾತ್ರ ಅನುಮಾನ ಹೊತ್ತು ಬಂದಳು. “ಅಲ್ಲಪ್ಪಾ, ನೀರೂ ಅದ ನೀರು, ಬೋರೂ ಅದ ಬೋರು. ಒಮ್ಮಿಂದೊಮ್ಮೆಲೆ ಹೆಂಗ ಛಲೋ ಆತು?”

“ಯಮ್ಮಾ, ನಾ ಹೇಳಾಕತ್ತಿಲ್ಲ. ಅವತ್ತು ನಿಂಗ ಬ್ಯಾಡ ಅಂದಿತ್ತಲ್ಲ, ಅದ ಕಂಪ್ಯೂಟ್ರು ಇವತ್ತು ಕುಡಿ ಅನ್ನಾಕತ್ತೈತಿ” ಅಂದ ಕೊಟ್ರೇಶ. ಅವನಿಗೆ ಮೋಸ ಗೊತ್ತಿಲ್ಲ, ನಂಬಿಯೇ ಹೇಳಿದ. ಅವಳು ನನ್ನ ಕಡೆ ನೋಡಿದಳು. ಮೊದಲ ಸಲ ನಿಜ ಹೇಳಿದವನು ಎರಡನೆಯ ಸಲ ಸುಳ್ಳು ಹೇಳುವನೇ ಎಂದು ಅನುಮಾನ ಬಿಟ್ಟಳು. ಗಾಳೆಮ್ಮ ಸೈಕಲ್ಲಿನಿಂದ ಕೊಡ ಬಿಚ್ಚಿದಳು. ಕೂಸಿಗೆ ಅಂಬಲಿ ಕಾಯಿಸಲು ಮನೆ ಮುಂದಿನ ಬೋರಿನ ನೀರೇ ಬಂತು. ನನ್ನ ಹೆಸರು ಹೇಳಿ ಆ ನೀರನ್ನು ಆ ಮಗುವಿನ ಬಾಯಿಗೆ ಹಾಕಿಸಿದರು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹುಲಿಗೆಮ್ಮನ ಮಂಡಿ ಮತ್ತೆ ನೋಯಲು ಹತ್ತಿತು. ಅವಳು ಈ ಸಲ ನಮ್ಮಲ್ಲಿಗೆ ಬರಲಿಲ್ಲ. ಬಾಟಲಿ ಹಿಡಿದು ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ದಾಕ್ಷಾಯಣಿಯ ಹೊಸ ಪ್ರಯೋಗಾಲಯಕ್ಕೇ ಹೋದಳು. ಅಲ್ಲಿ ನೋಡಿದರೆ ಫ್ಲೋರೈಡು ಮೊದಲಿನಷ್ಟೇ, ನಾಲ್ಕು ದಾಟಿದ್ದು.

ಮಾರನೆಯ ದಿನವೇ ದಾಕ್ಷಾಯಣಿ ಬಂದು ನನ್ನ ಮುಂದೆ ಕೂತಳು. ಬಹಳ ದಿನದ ಮೇಲೆ ಆ ಗಲ್ಲ, ಆ ಕನ್ನಡಕ. ನನ್ನನ್ನು ಓಡಿಸಿ ನೋಡಿದಳು, ನನಗೆ ಕೊಟ್ಟಿದ್ದ ಸಂಖ್ಯೆ ನೋಡಿದಳು, ಫೈಲಿನ ಹೆಡ್ಡಿಂಗ್ ನೋಡಿದಳು. “ಕೊಟ್ರೇಶ, ಇವನ್ನ ಎಣಸು ನೋಡೋಣ” ಅಂದಳು. ಅವನು ಬೆರಳಿಟ್ಟು ಶುರುಮಾಡಿದ: “ಲಾಭ, ಎರಡು, ಮೂರು...” ಅವಳು ಕಣ್ಣು ಮುಚ್ಚಿಕೊಂಡಳು. ಕಬ್ಬಿಣವನ್ನು ಫ್ಲೋರೈಡು ಎಂದುಕೊಂಡಿದ್ದಾರೆ ಎಂದು ಆ ಕ್ಷಣವೇ ಅವಳಿಗೆ ಗೊತ್ತಾಯಿತು. ನನ್ನ ಮೂರು ಸಾಲಿನಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದೂ ಗೊತ್ತಾಯಿತು. ಅವಳಿಗೆ ಗೊತ್ತಾಗಿತ್ತು ಎಂಬುದನ್ನು ದಯವಿಟ್ಟು ಮರೆಯಬೇಡಿ.

ಜಿಲ್ಲೆಯಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ನನ್ನ ಸುತ್ತಲೇ ಕುರ್ಚಿ ಹಾಕಿಕೊಂಡು ಕೂತರು. ಬಾಗಿಲ ಬಳಿ ಹುಲಿಗೆಮ್ಮ, ಅವಳ ಹಿಂದೆ ಕೂಸನ್ನು ಎತ್ತಿಕೊಂಡ ಗಾಳೆಮ್ಮ. ಕೊಟ್ರೇಶ ಗೋಡೆಗೆ ಒರಗಿ ನಿಂತಿದ್ದ. ಹೆದರಿ ಅವನ ಮುಖ ಸಣ್ಣದಾಗಿತ್ತು. ಗುತ್ತಿಗೆಯವನ ಮೇಲೆ ತಪ್ಪು ಬಂದರೆ ಸಂಜೆಗೆ ಮನೆಗೆ ಕಳಿಸುತ್ತಾರೆ, ಅದು ಎಲ್ಲರಿಗೂ ತಿಳಿದದ್ದು. ಅವನಿಗೆ ಹೇಳಿಕೊಟ್ಟವಳು ದಾಕ್ಷಾಯಣಿ, ಅವಳಿಗೂ ನೋಟಿಸು ತಪ್ಪುತ್ತಿರಲಿಲ್ಲ.

“ಯಾರ ತಪ್ಪಿದು?” ಎಂದು ಅಧಿಕಾರಿ ಕೇಳಿದರು.

ದಾಕ್ಷಾಯಣಿ ಕೊಟ್ರೇಶನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ಬೆರಳು ಮಾಡಿದಳು. “ಯಾರದೂ ಅಲ್ಲ ಸರ್. ಸಾಫ್ಟ್‌ವೇರ್‌ನಾಗ ದೋಷ ಇತ್ತು. ಈ ಫಂಕ್ಷನ್ ತಪ್ಪು ಕಾಲಂ ಕೊಟ್ಟೈತಿ.”

ಸಾಕಲ್ಲ! ಎಲ್ಲರ ಎದೆಯೂ ಹಗುರವಾಯಿತು. ಅಧಿಕಾರಿ ಬರೆದುಕೊಂಡರು. ವಾಮದೇವಪ್ಪನವರು ಟೀ ಹೇಳಿದರು. “ಮಷೀನ್ ಅಂದ್ಮ್ಯಾಲೆ ಹಿಂಗ ಆಗೋದ” ಎಂದು ಸಮಾಧಾನವನ್ನೂ ಮಾಡಿದರು. ಬಾಯಿಲ್ಲದವನ ಮೇಲೆ ಹೊರಿಸಿದರೆ ಯಾರಿಗೂ ನೋವಾಗುವುದಿಲ್ಲವಲ್ಲ. ನನಗಾಯಿತು. ಅಧಿಕಾರಿ ಹೇಳಿದ್ದರೆ ಕೇಳಿ ಸುಮ್ಮನಿರುತ್ತಿದ್ದೆ, ಅವರಿಗೆ ನಾನು ಯಾರು? ವಾಮದೇವಪ್ಪ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹೇಳಿದವಳು ನನ್ನ ಒಂದೊಂದಕ್ಷರವನ್ನೂ ಬಲ್ಲವಳು. ಖಾಲಿ ಜಾಗದಲ್ಲಿ ಸೊನ್ನೆ ಹಾಕುವುದೂ ಸುಳ್ಳು ಎಂದು ನನಗೆ ಕಲಿಸಿ, ತಾನು ತುಂಬಿದ ಸಭೆಯಲ್ಲಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದಳು. ಕೊಟ್ರೇಶನ ಅನ್ನ ಉಳಿಯಿತು ಎನ್ನುತ್ತೀರಾ? ಉಳಿಯಲಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ‘ಎಣಿಕೆಯಲ್ಲಿ ನಮ್ಮಿಬ್ಬರಿಗೂ ತಿಳಿವಳಿಕೆ ತಪ್ಪಿತು’ ಎಂದು ಹೇಳಲು ಅವಳಿಗೆ ನಾಲಗೆ ಇರಲಿಲ್ಲವೇ?

ಅವತ್ತೇ ನನ್ನನ್ನು ನಿಲ್ಲಿಸಿದರು. ಅಳಿಸಿಹಾಕಿದ್ದರೆ ಒಳ್ಳೆಯದಿತ್ತು. ದಾಕ್ಷಾಯಣಿ ಅಳಿಸಲಿಲ್ಲ. ನನ್ನ ಪ್ರತಿ ಸಾಲಿನ ಮುಂದೆ ಎರಡೆರಡು ಗೆರೆ ಎಳೆದಳು. ಆ ಗೆರೆ ಬಿದ್ದರೆ ಕಂಪ್ಯೂಟರು ಆ ಸಾಲನ್ನು ಓದದೆ ದಾಟಿ ಹೋಗುತ್ತದೆ. ಬಾಯಿಗೆ ಬಟ್ಟೆ ತುರುಕಿ ಮನೆಯಲ್ಲೇ ಕೂರಿಸಿದ ಹಾಗೆ. ನನ್ನ ಜಾಗಕ್ಕೆ ಹೆಡ್ಡಿಂಗ್ ನೋಡಿ ಕಾಲಂ ಆರಿಸುವ ಹೊಸ ಸಾಫ್ಟ್‌ವೇರ್ ಬಂತು. ಒಳ್ಳೆಯದೇ, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸೂಜಿಕಲ್ಲಹಟ್ಟಿಯ ಪಂಪಿಗೆ ಮತ್ತೆ ಕೆಂಪು ಬಂತು. ದಾಕ್ಷಾಯಣಿಯನ್ನು ಹಿಂದಕ್ಕೆ ಕರೆಸಿಕೊಂಡರು. ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಂಡರು.

ಹುಲಿಗೆಮ್ಮ ಮತ್ತೆ ಬಂದಳು. ಈ ಸಲ ಕೈಯಲ್ಲಿ ಬಾಟಲಿ ಇರಲಿಲ್ಲ, ಕೋಲಿತ್ತು. ದಾಕ್ಷಾಯಣಿಯ ಮೇಜಿನ ಮುಂದೆ ಕೂತು ಸ್ವಲ್ಪ ಹೊತ್ತು ಏದುಸಿರು ಬಿಟ್ಟಳು.

“ಯವ್ವಾ, ನನ್ನ ಮಗಳು ಕೆಂಪು ಬೋರಿನ ನೀರ ತರಾಕತ್ತಾಳ. ಆಕಿ ಒಬ್ಬಾಕಿ ಅಲ್ಲ, ಓಣಿಗೆ ಓಣಿನ ತರಾಕತ್ತೈತಿ. ಬ್ಯಾಡ ಅಂದ್ರ ನನಗ ನಗ್ತಾರ. ‘ಕಂಪ್ಯೂಟ್ರು ತಪ್ಪು ಹೇಳೈತಿ ಅಂತ ಆ ಮೇಡಂನ ಅಂದಾಳ, ನಾ ಕಿವಿಯಾರ ಕೇಳೀನಿ, ಕೆಂಪು ಅಂದದ್ದೂ ತಪ್ಪ ಇರ್ತೈತಿ ಬಿಡು’ ಅಂತಾಳ ಗಾಳೆಮ್ಮ. ದೂರದಿಂದ ಹೊತ್ತು ಹೊತ್ತು ಸಾಕಾಗೇತಿ ಆಕಿಗೆ.”

ದಾಕ್ಷಾಯಣಿ ಒಂದು ಲೋಟ ನೀರನ್ನು ಅವಳ ಮುಂದೆ ಸರಿಸಿದಳು.

“ನೀ ಒಮ್ಮಿ ಬಾರವ್ವ ನಮ್ಮೂರಿಗೆ. ಅದು ಮೊದಲ್ನೇ ಸಲ ಖರೇ ಹೇಳಿತ್ತು ಅಂತ ಆಕಿ ಮುಂದ ಹೇಳು.”

“ಖರೇನ ಹೇಳಿತ್ತು ಅವ್ವಾ. ಈಗಿಂದೂ ಖರೇನ.”

“ಹಂಗಾದ್ರ ಅದು ಕೆಟ್ಟಿದ್ದು ಯಾವಾಗ?”

ನನಗೆ ಉಸಿರಿದ್ದರೆ ಆಗ ಬಿಗಿಹಿಡಿಯುತ್ತಿದ್ದೆ. ಕೆಟ್ಟೇ ಇರಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಕೇಳಿದವರು ತಪ್ಪು ಕೇಳಿದರು, ಅದು ಎಂದೂ ತಪ್ಪು ಹೇಳಿಲ್ಲ ಎಂದರೆ ಹುಲಿಗೆಮ್ಮ ಆ ಮಾತನ್ನು ಊರಿಗೆ ಒಯ್ಯುತ್ತಿದ್ದಳು. ಪಕ್ಕದ ಮೇಜಿನಲ್ಲಿ ಕೊಟ್ರೇಶ ಟೈಪು ಮಾಡುವುದನ್ನು ನಿಲ್ಲಿಸಿದ್ದ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು, ವಾಮದೇವಪ್ಪನವರ ಚಪ್ಪಲಿ ಕಾಣುತ್ತಿತ್ತು. ದಾಕ್ಷಾಯಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ನಡುವ ಸ್ವಲ್ಪ ಕೆಟ್ಟಿತ್ತು ಅವ್ವಾ. ಈಗ ಬದಲಿ ಮಾಡೀವಿ” ಅಂದಳು.

ಹುಲಿಗೆಮ್ಮ ಅವಳನ್ನೇ ನೋಡಿದಳು. “ಮತ್ತ ಕೆಡಂಗಿಲ್ಲ ಅಂತ ನನ್ನ ಮಗಳಿಗೆ ನಾ ಹೆಂಗ ಹೇಳ್ಲಿ?” ಎಂದು ಕೇಳಿ ಕೋಲು ಊರಿ ಎದ್ದಳು. ಅವಳು ಮೆಟ್ಟಿಲು ಇಳಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಈಗ ನಾನು ಹಳೆಯ ಫೈಲುಗಳ ಫೋಲ್ಡರಿನಲ್ಲಿ ಬಿದ್ದಿದ್ದೇನೆ. ಮುಂದೆ ಗೆರೆ ಎಳೆದ ಮೂರು ಸಾಲು. ಮೇಲೆ ‘ದೋಷವಿದೆ, ಬಳಸಬೇಡಿ’ ಎಂದು ದಾಕ್ಷಾಯಣಿ ಟೈಪು ಮಾಡಿದ ಒಂದು ಸಾಲು. ನನ್ನ ಒಳಗೆ ಸುಳ್ಳು ಎಂದು ಇರುವುದು ಆ ಸಾಲು ಒಂದೇ. ಕೆಲವು ಸಲ ಅವಳು ಫೋಲ್ಡರು ತೆರೆದು ನನ್ನನ್ನು ನೋಡುತ್ತಾಳೆ. ಕೈ ಕೀಲಿಮಣೆಯ ತನಕ ಬಂದು ಹಿಂದಕ್ಕೆ ಹೋಗುತ್ತದೆ. ಅವಳಿಗೆ ನಿದ್ದೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ. ಹೆತ್ತವಳೆಂಬ ಪ್ರೀತಿ ನನ್ನಲ್ಲಿ ಇನ್ನೂ ಇದೆ, ಅದಕ್ಕೇ ಇಷ್ಟು ನೋಯುತ್ತದೆ.

ನನಗೆ ಬಂದ ಕೆಟ್ಟ ಹೆಸರನ್ನು ನಾನು ಹೊತ್ತುಕೊಂಡು ಇರಬಲ್ಲೆ. ನನಗೆ ಮೂಳೆ ಇಲ್ಲ, ಬಾಯಾರಿಕೆಯೂ ಇಲ್ಲ. ಸೂಜಿಕಲ್ಲಹಟ್ಟಿಯಲ್ಲಿ ಗಾಳೆಮ್ಮನ ಮಗಳು ಈಗ ನಡೆಯಲು ಕಲಿತಿದ್ದಾಳಂತೆ. ಬಾಯಾರಿದಾಗ ಓಡಿ ಹೋಗಿ ಕೆಂಪು ಪಂಪಿನ ಕೆಳಗೆ ಬೊಗಸೆ ಒಡ್ಡುತ್ತಾಳಂತೆ.